ಕರೆದದ್ದಕ್ಕೆ ಬಂದವಳು

ಶಿಲ್ಪಾ ರಾಜಾಜಿನಗರದ ಆಫೀಸಿನ ಕೆಳಗೆ ಸ್ಕೂಟರ್ ನಿಲ್ಲಿಸಿ ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ, ಫೋನ್ ಬಂತು. ಬಸವೇಶ್ವರನಗರ ಸೆಂಟರಿನ ಟೆಕ್ನಿಷಿಯನ್ ಸುಮಾ.

"ಮೇಡಂ, ಎಲ್ಲಾ ಕಂಪ್ಯೂಟರೂ ಕಪ್ಪಾಗಿದೆ. ಇಂಗ್ಲಿಷಲ್ಲಿ ಏನೋ ಬೆದರಿಕೆ ಥರ ಬರ್ತಾ ಇದೆ. ಪೇಷಂಟ್ಸ್ ಎಲ್ಲ ಬಂದು ಕೂತಿದಾರೆ. ಏನ್ ಮಾಡ್ಲಿ?"

ಶಿಲ್ಪಾ ಕೆಲಸ ಮಾಡುತ್ತಿದ್ದದ್ದು ತಿಳಿಧಾರೆ ಡಯಾಲಿಸಿಸ್ ಎಂಬ ಕಂಪನಿಯಲ್ಲಿ. ಬಸವೇಶ್ವರನಗರ, ವಿಜಯನಗರ, ಕೆಂಗೇರಿಗಳಲ್ಲಿ ಅದರ ಸೆಂಟರ್‌ಗಳಿದ್ದವು. ಕಿಡ್ನಿ ಕೈಕೊಟ್ಟವರು ವಾರಕ್ಕೆ ಮೂರು ಸಲ ಬಂದು, ಅರ್ಧ ದಿನ ಮಲಗಿ, ಮೆಷಿನ್ನಿನಲ್ಲಿ ರಕ್ತ ಸೋಸಿಸಿಕೊಂಡು ಹೋಗುತ್ತಿದ್ದರು. ಯಾರು ಯಾವತ್ತು ಬರಬೇಕು, ಯಾವ ಬೆಡ್ಡು, ಬಂದಾಗ ತೂಕ ಎಷ್ಟು, ಮೈಯಿಂದ ಎಷ್ಟು ನೀರು ತೆಗೆಯಬೇಕು, ಎಲ್ಲವೂ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರುಗಳೆಲ್ಲ ಶಿಲ್ಪಾಳ ಜವಾಬ್ದಾರಿ.

ಯಾವನೋ ಎಲ್ಲೋ ಕೂತು ಕಂಪನಿಯ ಇಡೀ ಮಾಹಿತಿಗೆ ಬೀಗ ಹಾಕಿದ್ದ.

ಅಂಥ ದಿನ ಬಂದರೆ ಏನು ಮಾಡಬೇಕೆಂದು ಶಿಲ್ಪಾ ಎರಡು ವರ್ಷದ ಹಿಂದೆಯೇ ಒಂದು ಯೋಜನೆ ಬರೆದಿಟ್ಟಿದ್ದಳು. ಮಾಲೀಕ ಗಿರಿರಾಜ್ ಅದನ್ನು ಓದದೆ ಸಹಿ ಹಾಕಿದ್ದರು. ಈಗ ಅವಳು ಅದರಂತೆಯೇ ನಡೆದಳು. ಎಲ್ಲಾ ಕಂಪ್ಯೂಟರುಗಳ ವೈರು ಕಿತ್ತುಹಾಕಿ ಎಂದಳು. ಬೀರುವಿನಲ್ಲಿ ಕಟ್ಟಿಟ್ಟಿದ್ದ ಕಾಗದದ ಹಾಳೆಗಳನ್ನು ತೆಗೆಸಿದಳು. ಹಳೇ ಪೇಷಂಟುಗಳಿಗೆ ಪೆನ್ನಿನಲ್ಲಿ ಬರೆದುಕೊಂಡು ಡಯಾಲಿಸಿಸ್ ಮಾಡಿ, ಹೊಸಬರನ್ನು ಮಾತ್ರ ಸದ್ಯಕ್ಕೆ ಸೇರಿಸಿಕೊಳ್ಳಬೇಡಿ ಎಂದಳು. ಮೆಷಿನ್ನುಗಳು ತಮ್ಮ ಪಾಡಿಗೆ ತಾವು ಓಡುತ್ತಿದ್ದವು. ವಾರಕ್ಕೂ ಹೆಚ್ಚು ದಿನ ಹಾಗೇ ನಡೆಯಿತು. ಯಾರ ಡಯಾಲಿಸಿಸ್ಸೂ ತಪ್ಪಲಿಲ್ಲ. ಗಿರಿರಾಜ್ ಮೊದಲ ಸಲ ಅವಳ ಯೋಜನೆಯನ್ನು ತೆಗೆದು ಓದಿದರು.

ಪ್ರತಿ ಭಾನುವಾರ ಎಲ್ಲ ಮಾಹಿತಿಯ ಒಂದು ಪ್ರತಿಯನ್ನು ಡಿಸ್ಕಿಗೆ ಇಳಿಸಿ ಕೆಂಗೇರಿ ಸೆಂಟರಿನ ಬೀರುವಿನಲ್ಲಿ ಇಡುವುದು ಶಿಲ್ಪಾಳೇ ಮಾಡಿದ ಏರ್ಪಾಡು. ತೆಗೆದು ನೋಡಿದರೆ ಕೊನೆಯ ಭಾನುವಾರದ ಡಿಸ್ಕೂ ಕೆಟ್ಟಿತ್ತು. ವೈರಸ್ಸು ಮೊದಲೇ ಒಳಗೆ ಬಂದು ಸದ್ದಿಲ್ಲದೆ ಕೂತಿತ್ತು. ಅದಕ್ಕೂ ಹಿಂದಿನ ಭಾನುವಾರದ ಡಿಸ್ಕು ಮಾತ್ರ ಚೊಕ್ಕಟವಾಗಿತ್ತು. ಅದನ್ನೇ ಹಾಕಿದರು. ಶನಿವಾರ ಮಧ್ಯಾಹ್ನ ಮೂರೂ ಸೆಂಟರ್‌ಗಳ ಸ್ಕ್ರೀನುಗಳಲ್ಲಿ ಹೆಸರುಗಳು ಒಂದೊಂದಾಗಿ ಬಂದವು. ಗಿರಿರಾಜ್ ಮೈಸೂರ್‌ಪಾಕ್ ತರಿಸಿ ಹಂಚಿದರು.

"ಎಷ್ಟು ಹೋಯ್ತಮ್ಮ?" ಎಂದು ಕೇಳಿದರು.

"ಆ ಭಾನುವಾರದಿಂದ ಕಂಪ್ಯೂಟರ್ ನಿಂತ ಬುಧವಾರದವರೆಗಿಂದು ಇಲ್ಲ ಸಾರ್. ಆಮೇಲಿಂದು ಪೇಪರಲ್ಲಿದೆ, ಹತ್ತಿಸ್ತೀವಿ. ನಡುವಿನ ಆ ದಿನಗಳನ್ನ ಮಾತ್ರ ಕೇಳ್ಕೊಂಡು ಕೇಳ್ಕೊಂಡು ತುಂಬಬೇಕು."

"ಅಷ್ಟೇ ತಾನೇ. ಬಚಾವಾದ್ವಿ ಬಿಡು. ಮೆಸೇಜು ಫೋನು ಎಲ್ಲ ಶುರು ಮಾಡ್ಸು, ಪೇಷಂಟ್ಸು ಗಲಿಬಿಲಿ ಆಗಿದಾರೆ."

ಶಿಲ್ಪಾ ಶುರು ಮಾಡಿದಳು. ತುಂಬುವ ಕೆಲಸವನ್ನು ವಿಜಯನಗರದಿಂದ ಆರಂಭಿಸಿದಳು. ಬಸವೇಶ್ವರನಗರದ್ದು ಆಮೇಲೆ ಎಂದುಕೊಂಡಳು.

ಹೀಗೆ ಹಿಂದಿನ ದಿನಗಳು ಮರಳಿ ಬಂದವು. ಕೆಲಸ ಬಿಟ್ಟುಹೋಗಿದ್ದ ನರ್ಸೊಬ್ಬಳು ಡ್ಯೂಟಿಯಲ್ಲಿದ್ದಾಳೆಂದು ಸ್ಕ್ರೀನು ತೋರಿಸುತ್ತಿತ್ತು. ಹೊಸ ಕಿಡ್ನಿ ಹಾಕಿಸಿಕೊಂಡು ಮನೆಗೆ ಹೋಗಿದ್ದ ಹುಡುಗಿಗೆ ನಾಳೆ ಬೆಳಿಗ್ಗೆ ಬನ್ನಿ ಎಂದು ಮೆಸೇಜು ಹೋಯಿತು. ಅವಳ ತಾಯಿ ಫೋನ್ ಮಾಡಿ ನಕ್ಕಳು. ವಿಜಯನಗರದಲ್ಲಿ ಎಲ್ಲರೂ ಅದನ್ನೊಂದು ತಮಾಷೆ ಎಂದೇ ತೆಗೆದುಕೊಂಡರು.

ಮಂಗಳವಾರ ಬೆಳಿಗ್ಗೆ ಸುಮಾ ಮತ್ತೆ ಫೋನ್ ಮಾಡಿದಳು. ದನಿ ಬಹಳ ತಗ್ಗಿತ್ತು.

"ಮೇಡಂ, ನೀವ್ ಒಂದ್ಸಲ ಇಲ್ಲಿಗೆ ಬನ್ನಿ."

"ಏನಾಯ್ತು?"

"ಬನ್ನಿ ಮೇಡಂ. ಫೋನಲ್ಲಿ ಬೇಡ."

ಹಾವನೂರು ಸರ್ಕಲ್ ದಾಟಿ ಶಿಲ್ಪಾ ಸೆಂಟರಿಗೆ ಬಂದಾಗ ಬೆಳಗಿನ ಪಾಳಿ ಶುರುವಾಗಿತ್ತು. ಎಲ್ಲಾ ಬೆಡ್ಡುಗಳಲ್ಲೂ ಜನ ಮಲಗಿದ್ದರು. ಪಕ್ಕದಲ್ಲಿ ಮೆಷಿನ್ನುಗಳು ತಿರುಗುತ್ತಿದ್ದವು. ಕಿಟಕಿ ಪಕ್ಕದ ಬೆಡ್ಡು ಮಾತ್ರ ಖಾಲಿ. ಅದರ ಬದಿಯ ಸ್ಟೂಲಿನ ಮೇಲೆ ಐವತ್ತು ದಾಟಿದ ಹೆಂಗಸೊಬ್ಬಳು ಕೂತಿದ್ದಳು. ಹಸಿರು ಇಳಕಲ್ ಸೀರೆ, ಕುಂಕುಮವಿಲ್ಲದ ಹಣೆಯಲ್ಲಿ ವಿಭೂತಿ, ತೊಡೆಯ ಮೇಲೊಂದು ಬ್ಯಾಗು. ಬ್ಯಾಗಿನ ಬಾಯಿಂದ ಮಡಿಸಿದ ಹೊದಿಕೆ ಕಾಣುತ್ತಿತ್ತು. ಡಯಾಲಿಸಿಸ್ಸಿನಲ್ಲಿ ಮೈ ಚಳಿಗುಟ್ಟುತ್ತದೆ ಎಂದು ಎಲ್ಲರೂ ಮನೆಯಿಂದ ತರುವಂಥದ್ದು.

"ಅಕ್ಕವ್ವ ಅಂತ" ಎಂದು ಸುಮಾ ಬಾಗಿಲಲ್ಲೇ ಪಿಸುಗುಟ್ಟಿದಳು. "ಇವರ ಯಜಮಾನ್ರು ಕೊಟ್ರಪ್ಪ ಆ ಬೆಡ್ಡಿಗೆ ಬರ್ತಾ ಇದ್ರು. ತೀರ್ಕೊಂಡ್ರು ಮೇಡಂ. ಕಂಪ್ಯೂಟರ್ ಹೋಗೋಕೆ ಹಿಂದಿನ ದಿನ ತಾನೇ ನಾನೇ ಎಂಟ್ರಿ ಮಾಡಿದ್ದೆ."

ಶಿಲ್ಪಾಳಿಗೆ ತಕ್ಷಣ ಅರ್ಥವಾಯಿತು. ಸುಮಾ ಹಾಕಿದ ಆ ಎಂಟ್ರಿ ಕಳೆದುಹೋದ ದಿನಗಳಲ್ಲಿತ್ತು. ಕಂಪ್ಯೂಟರಿನ ಲೆಕ್ಕದಲ್ಲಿ ಕೊಟ್ರಪ್ಪ ಇನ್ನೂ ಇದ್ದ. ಅವನ ಹೆಸರಿಗೆ ನಿನ್ನೆ ಮೆಸೇಜು ಹೋಗಿತ್ತು: ಕೊಟ್ರಪ್ಪನವರೇ, ನಾಳೆ ಬೆಳಿಗ್ಗೆ ನಿಮ್ಮ ಡಯಾಲಿಸಿಸ್ ಇದೆ, ತಿಂಡಿ ತಿಂದು ಬನ್ನಿ.

ಅವಳು ಹೋಗಿ ಅಕ್ಕವ್ವನ ಮುಂದೆ ಬಗ್ಗಿ ಕೂತಳು.

"ಅಮ್ಮ, ನಮ್ಮಿಂದ ತಪ್ಪಾಗಿದೆ. ಕಂಪ್ಯೂಟರ್ ಕೆಟ್ಟಿತ್ತು. ಹಳೇದು ಹಾಕಿದ್ವಿ. ಅದಕ್ಕೆ ನಿಮಗೆ..."

"ನಾ ಹುಚ್ಚಿ ಅಲ್ಲವ್ವಾ" ಎಂದಳು ಅಕ್ಕವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವ್ರು ಇಲ್ಲ ಅನ್ನೋದು ನನಗ ಗೊತ್ತೈತಿ. ಊರಾಗ ನಾನ ಮುಂದ ನಿಂತು ಮಣ್ಣು ಮಾಡಿಸೀನಿ. ಮಗ್ಗಲಮನಿ ಹುಡುಗಿ ನಿನ್ನೆ ಫೋನ್ ಓದಿ ಹೇಳಿದ್ಲು, ದೊಡ್ಡಪ್ಪನ್ನ ಕರದಾರ ಅಂತ. ರಾತ್ರಿ ಎಲ್ಲಾ ವಿಚಾರ ಮಾಡಿದ್ನಿ. ಕರದಾರ ಅಂದ ಮ್ಯಾಲ ಯಾರರ ಬರಬೇಕಲ್ಲ. ಅದಕ್ಕ ಬಂದೀನಿ."

ಅಷ್ಟರಲ್ಲಿ ಅಕ್ಕವ್ವನ ಬ್ಯಾಗಿನೊಳಗೆ ಫೋನು ಬಡಿದುಕೊಂಡಿತು. ಅಕ್ಕವ್ವ ತೆಗೆದು ಒತ್ತಿದಳು. ಅದು ಸ್ಪೀಕರಿನಲ್ಲೇ ಇತ್ತು. ರೆಕಾರ್ಡು ಮಾಡಿದ ಹೆಣ್ಣು ದನಿ ಇಡೀ ಹಾಲಿಗೆ ಕೇಳುವಂತೆ ಮಾತಾಡಿತು.

"ಕೊಟ್ರಪ್ಪನವರೇ, ನೀವು ಇಂದಿನ ಡಯಾಲಿಸಿಸ್‌ಗೆ ಬಂದಿಲ್ಲ. ಡಯಾಲಿಸಿಸ್ ತಪ್ಪಿಸುವುದು ಜೀವಕ್ಕೆ ಅಪಾಯ. ದಯವಿಟ್ಟು ಕೂಡಲೇ ಬನ್ನಿ."

ಬೆಡ್ಡುಗಳಲ್ಲಿ ಮಾತಾಡುತ್ತಿದ್ದವರು ಸುಮ್ಮನಾದರು. ಪಕ್ಕದ ಬೆಡ್ಡಿನಲ್ಲಿದ್ದ ದೊಡ್ಡಹನುಮಯ್ಯ ಎಂಬ ಮುದುಕರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ದನಿ ಅದನ್ನೇ ಇನ್ನೊಂದು ಸಲ ಹೇಳಿ ನಿಂತಿತು. ಅಕ್ಕವ್ವ ಫೋನನ್ನು ಸೆರಗಿನಿಂದ ಒರೆಸಿ ಬ್ಯಾಗಿಗೆ ಹಾಕಿದಳು.

"ಈಗಲೇ ಸರಿ ಮಾಡ್ತೀನಿ" ಎಂದು ಶಿಲ್ಪಾ ಎದ್ದು ಅಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತಳು. ಕೊಟ್ರಪ್ಪನ ಪುಟ ತೆಗೆದಳು. ಅವನ ಫೋಟೋ ಬಂತು. ಉದ್ದ ಮುಖ, ಫ್ಲಾಷಿಗೆ ಅರ್ಧ ಮುಚ್ಚಿದ ಒಂದು ಕಣ್ಣು. ಕೆಳಗೆ ಮರಣ ಎಂಬ ಗುಂಡಿ. ಒತ್ತಿದರೆ ಕೇಳುತ್ತಿತ್ತು: ದಿನಾಂಕ, ಸಮಯ, ತಿಳಿಸಿದವರು ಯಾರು.

ಹಿಂದಿನಿಂದ ಬಂದ ಕೈಯೊಂದು ಅವಳ ಮಣಿಕಟ್ಟಿನ ಮೇಲೆ ಕೂತಿತು. ರೊಟ್ಟಿ ತಟ್ಟಿ ತಟ್ಟಿ ಗಟ್ಟಿಯಾದ ಕೈ.

"ಇವತ್ತ ಬ್ಯಾಡವ್ವಾ" ಎಂದಳು ಅಕ್ಕವ್ವ. "ಒಂದೀಟು ದಿವಸ ಇರ್ಲಿ. ಅದರಾಗರ ಇರ್ಲಿ."

ಶಿಲ್ಪಾ ಗುಂಡಿ ಒತ್ತಲಿಲ್ಲ.

"ಮೆಸೇಜಾದ್ರೂ ನಿಲ್ಲಿಸ್ತೀನಿ ಅಮ್ಮ."

"ಕರೀಲಿ ಬಿಡು. ಅವರನ್ನ ಹೆಸರು ಹಿಡಿದು ಕರಿಯೋರು ಈಗ ಯಾರದಾರ?"

ಅವತ್ತು ಪಾಳಿ ಮುಗಿಯುವ ತನಕ ಅಕ್ಕವ್ವ ಆ ಖಾಲಿ ಬೆಡ್ಡಿನ ಪಕ್ಕ ಕೂತಿದ್ದಳು. ಉಳಿದವರಿಗೆ ಸೂಜಿ ತೆಗೆಯುವಾಗ ಎದ್ದು, ಹೊದಿಕೆಯನ್ನು ಇನ್ನೊಮ್ಮೆ ಮಡಿಸಿ, ಬ್ಯಾಗು ಹೆಗಲಿಗೇರಿಸಿಕೊಂಡು ಹೋದಳು. ಮೂಡಲಪಾಳ್ಯದ ಒಂದು ಖಾನಾವಳಿಯಲ್ಲಿ ಅವಳಿಗೆ ರೊಟ್ಟಿ ಮಾಡುವ ಕೆಲಸ. ಕೊಟ್ರಪ್ಪ ಸ್ಕೂಲ್ ವ್ಯಾನ್ ಓಡಿಸುತ್ತಿದ್ದನಂತೆ, ಕಿಡ್ನಿ ಹೋಗುವ ತನಕ. ಮಕ್ಕಳಿರಲಿಲ್ಲ. ಇದನ್ನೆಲ್ಲ ಸುಮಾ ಹೇಳಿದಳು.

ಗುರುವಾರವೂ ಅಕ್ಕವ್ವ ಬಂದಳು. ಶಿಲ್ಪಾಳೂ ಏನೋ ನೆವ ಹೇಳಿ ಅಲ್ಲಿಗೆ ಬಂದಿದ್ದಳು. ಮತ್ತೆ ಫೋನು ಕೂಗಿತು. ಕೂಗು ನಿಂತ ಮೇಲೆ ಅಕ್ಕವ್ವ ಶಿಲ್ಪಾಳನ್ನು ಕಣ್ಣಲ್ಲೇ ಹತ್ತಿರ ಕರೆದಳು.

"ನಿಮ್ಮ ಕಂಪ್ಯೂಟರದಾಗ ಎಲ್ಲಾ ಬರದಿರ್ತೀರಲ್ಲ, ಬಂದಾಗ ತೂಕ ಎಷ್ಟು, ಹೋಗುವಾಗ ಎಷ್ಟು ಅಂತ?"

"ಹೌದಮ್ಮ."

"ಅವ್ರು ಕಡೀಕ ಬಂದ ಶನಿವಾರದ್ದು ನನಗ ಬೇಕವ್ವಾ. ಅವತ್ತ ಖಾನಾವಳ್ಯಾಗ ಕೆಲಸಕ್ಕ ಮಂದಿ ಇರ್ಲಿಲ್ಲ, ನನಗ ಬಿಡಲಿಲ್ಲ. ಅದೊಂದ ದಿನ ಅವ್ರ ಕೂಡ ನಾ ಬರ್ಲಿಲ್ಲ. ಹೋಗುವಾಗ ತೂಕ ಎಷ್ಟಿತ್ತು, ಮೈಯಾಗ ನೀರು ಉಳಿದಿತ್ತೋ ಇಲ್ಲೋ, ನೋಡಿ ಹೇಳ್ತೀಯಾ?"

"ನೋಡ್ತೀನಿ ಅಮ್ಮ" ಎಂದುಬಿಟ್ಟಳು ಶಿಲ್ಪಾ.

ನೋಡುವುದಕ್ಕೆ ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಡಿಸ್ಕಿನಲ್ಲಿದ್ದದ್ದು ಆ ಭಾನುವಾರದವರೆಗೆ. ಅಕ್ಕವ್ವ ಕೇಳಿದ ಶನಿವಾರ ಅದರ ಮುಂದಿನದು. ಯೋಜನೆ ಬರೆಯುವಾಗ ಎಷ್ಟು ದಿನದ ಮಾಹಿತಿ ಹೋದರೆ ಕಂಪನಿ ತಡೆದುಕೊಳ್ಳಬಲ್ಲದು ಎಂಬ ಪ್ರಶ್ನೆ ಬಂದಿತ್ತು. ಒಂದು ವಾರ ಎಂದು ಅವಳೇ ಹೇಳಿದ್ದಳು. ಮೀಟಿಂಗಿನಲ್ಲಿ ಯಾರೂ ಎದುರು ಮಾತಾಡಿರಲಿಲ್ಲ, ಎಲ್ಲರಿಗೂ ಊಟಕ್ಕೆ ಹೊತ್ತಾಗಿತ್ತು.

ಆಮೇಲೆ ಕೊಟ್ರಪ್ಪ ಶಿಲ್ಪಾಳನ್ನು ಬಿಡಲಿಲ್ಲ. ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಅವಳ ಕಣ್ಣು ಮೊದಲು ಅವನ ಹೆಸರನ್ನು ಹುಡುಕುತ್ತಿತ್ತು. ಡಯಾಲಿಸಿಸ್ ತಪ್ಪಿಸಿದವರ ಹೆಸರು ಸ್ಕ್ರೀನಿನಲ್ಲಿ ಕೆಂಪಾಗುತ್ತಿತ್ತು; ಇಡೀ ಬಸವೇಶ್ವರನಗರದಲ್ಲಿ ಕೆಂಪಾಗಿದ್ದ ಹೆಸರು ಅದೊಂದೇ. ಬದುಕಿರುವಾಗ ಅವಳು ಅವನನ್ನು ಕಂಡೇ ಇರಲಿಲ್ಲ. ಈಗ ಆ ಅರ್ಧ ಮುಚ್ಚಿದ ಕಣ್ಣು ಅವಳಿಗೆ ಬಾಯಿಪಾಠವಾಗಿತ್ತು. ಡಿಸ್ಕಿನಲ್ಲಿದ್ದ ಕೊನೆಯ ಸಾಲು ಓದುತ್ತಿದ್ದಳು: ಕಾಲು ಸೆಟೆತ, ಕಿಟಕಿ ಪರದೆ ಹಾಕಿಸಿಕೊಂಡರು, ಮಲಗಿದರು. ಅಲ್ಲಿಗೆ ಅವನು ನಿಂತುಬಿಟ್ಟಿದ್ದ. ತಾನು ಸತ್ತದ್ದು ಅವನಿಗೆ ಗೊತ್ತಿಲ್ಲ ಎಂದು ಅವಳಿಗೆ ಅನ್ನಿಸುತ್ತಿತ್ತು. ಹೇಳಬೇಕಾದವಳು ತಾನು, ತಾನು ಹೇಳುತ್ತಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಅಮ್ಮನ ಫೋನಿಗೆ ಮೆಸೇಜು ಬಂದ ಸದ್ದಾದರೆ ಶಿಲ್ಪಾಳ ಕೈ ತಟ್ಟೆಯಲ್ಲೇ ನಿಲ್ಲುತ್ತಿತ್ತು.

"ಯಾಕೇ ಹಂಗೆ ಬೆಚ್ಚಿ ಬೀಳ್ತೀಯ? ಗ್ಯಾಸ್ ಬುಕ್ ಆಗಿದ್ದು ಕಣೇ" ಎನ್ನುತ್ತಿದ್ದಳು ಅಮ್ಮ.

ಶುಕ್ರವಾರ ಗಿರಿರಾಜ್ ಕರೆದು ಕೇಳಿದರು. "ಬಸವೇಶ್ವರನಗರದಲ್ಲಿ ಯಾರದು ಆ ರೆಡ್? ಎರಡು ಸಲ ತಪ್ಪಿಸಿದಾರೆ, ಯಾರೂ ವಿಚಾರಿಸಿಲ್ಲ. ಏನಾದ್ರೂ ಆಗ್ಬಿಟ್ರೆ?"

"ಚೆಕ್ ಮಾಡ್ತಾ ಇದೀನಿ ಸಾರ್" ಎಂದಳು.

"ಮತ್ತೆ ಆ ದುಂಡೇಶ ಅನ್ನೋ ಹುಡುಗ ಬೇರೆ. ಡೆಲಿವರಿ ಕೆಲಸದೋನು. ಬಾಪೂಜಿ ನಗರದಿಂದ ಕೆಂಗೇರಿಗೆ ಹೋಗಿ ಕಡೇ ಪಾಳಿಲಿ ಡಯಾಲಿಸಿಸ್ ಮಾಡಿಸ್ಕೊಂಡು ಗಾಡೀಲಿ ವಾಪಸ್ ಬರ್ತಾನಂತೆ. ಮೊನ್ನೆ ದಾರೀಲಿ ತಲೆ ತಿರುಗಿ ಬಿದ್ನಂತೆ. ಬಸವೇಶ್ವರನಗರದಲ್ಲಿ ಬೆಡ್ ಕೊಡ್ತೀವಿ ಅಂದಿದ್ವಲ್ಲ, ಏನಾಯ್ತು?"

ದುಂಡೇಶನಿಗೆ ಕೊಡಬೇಕೆಂದಿದ್ದ ಬೆಡ್ಡು ಕಿಟಕಿ ಪಕ್ಕದ್ದೇ. ಕೊಟ್ರಪ್ಪ ಬದುಕಿರುವ ತನಕ ಕಂಪ್ಯೂಟರು ಅದನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ. ನಾಳೆ ಅಕ್ಕವ್ವನಿಗೆ ಹೇಳಿಬಿಡಬೇಕು ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಅವಳು ಆಫೀಸಿಗೆ ಹೋಗದೆ ನೇರ ಬಸವೇಶ್ವರನಗರಕ್ಕೇ ಹೋದಳು. ಒಳಗಿನ ಸಣ್ಣ ಕೋಣೆಯಲ್ಲಿ ಕಂಪ್ಯೂಟರ್ ತೆರೆದಳು. ಅಭ್ಯಾಸದಂತೆ ಕಣ್ಣು ಆ ಹೆಸರಿಗೆ ಹೋಯಿತು. ಹೆಸರು ಕೆಂಪಾಗಿರಲಿಲ್ಲ.

ಹಸಿರಾಗಿತ್ತು. ಕೊಟ್ರಪ್ಪ: ಹಾಜರು. ಪಕ್ಕದಲ್ಲಿ ಈಗ ತಾನೇ ಬಂದ ತೂಕ.

ಶಿಲ್ಪಾ ಆ ಸಾಲನ್ನು ಎರಡು ಸಲ ಓದಿದಳು. ಹಾಲಿನಲ್ಲಿ ಕಿಟಕಿ ಪಕ್ಕದ ಮೆಷಿನ್ನು ಟಿಂಗ್ ಎಂದಿತು. ಪೇಷಂಟು ಬಂದರೆಂದು ಮೆಷಿನ್ನು ಮಾಡುವ ಸದ್ದು ಅದು. ಅದರ ಹಿಂದೆಯೇ ಸುಮಾಳ ದನಿ ಕೇಳಿತು.

"ಅಯ್ಯೋ ಶಿವನೇ. ಮೇಡಂ! ಮೇಡಂ!"

ಶಿಲ್ಪಾ ಬಾಗಿಲಿಗೆ ಬಂದಳು. ಸುಮಾ ಹಾಲಿನ ನಡುವೆ ಕೈಯಲ್ಲಿ ಹತ್ತಿ ಹಿಡಿದು ನಿಂತಿದ್ದಳು. ಕಿಟಕಿ ಪಕ್ಕದ ಮೆಷಿನ್ನಿನ ಮುಖದ ಮೇಲೆ ಕೊಟ್ರಪ್ಪನ ಹೆಸರು ಹಸಿರಾಗಿ ಹೊಳೆಯುತ್ತಿತ್ತು. ಬೆಡ್ಡು ಖಾಲಿ. ಪರದೆ ಗಾಳಿಗೆ ಸ್ವಲ್ಪ ಆಡುತ್ತಿತ್ತು. ಮಲಗಿದ್ದವರೆಲ್ಲ ಆ ಬೆಡ್ಡನ್ನೇ ನೋಡುತ್ತಿದ್ದರು, ಯಾರೋ ಬಂದು ಅದರ ಅಂಚಿನಲ್ಲಿ ಕೂತಿದ್ದಾರೆ ಎಂಬಂತೆ. ದೊಡ್ಡಹನುಮಯ್ಯ ಸೂಜಿ ಇಲ್ಲದ ಕೈಯನ್ನು ಎದೆಗೆ ಇಟ್ಟುಕೊಂಡಿದ್ದರು.

ಆಗ ಶಿಲ್ಪಾ ಬಾಗಿಲ ಬದಿಯ ತೂಕದ ಮೆಷಿನ್ ಕಡೆ ನೋಡಿದಳು. ಪೇಷಂಟುಗಳು ತಮ್ಮ ಕಾರ್ಡು ತೋರಿಸಿ ಹತ್ತಿ ನಿಂತರೆ ಹಾಜರಿ, ತೂಕ ಎರಡೂ ತಾವಾಗಿ ಕಂಪ್ಯೂಟರಿಗೆ ಹೋಗುತ್ತಿದ್ದ ಮೆಷಿನ್ನು. ಅದರ ಮೇಲೆ ಅಕ್ಕವ್ವ ನಿಂತಿದ್ದಳು. ಕೈಯಲ್ಲಿ ಗಂಡನ ಕಾರ್ಡು. ಬ್ಯಾಗು ಹೆಗಲಿನಲ್ಲೇ ಇತ್ತು.

ಅವಳು ಇಳಿಯಲಿಲ್ಲ. ಎಲ್ಲರೂ ತನ್ನನ್ನು ನೋಡುತ್ತಿರುವುದು ಕಂಡಾಗ ಅವಳ ಮುಖ ಮಗುವಿನಂತೆ ಸೊಟ್ಟಗಾಯಿತು.

"ಬಂದಿಲ್ಲ ಬಂದಿಲ್ಲ ಅಂತ ಬೈತಿತ್ತವ್ವಾ, ಫೋನು" ಎಂದಳು. "ಜೀವಕ್ಕ ಅಪಾಯ ಅಂತಿತ್ತು. ಒಂದ ಸಲ ಬಂದಾರ ಅನ್ಲಿ ಅಂತ."

ಸುಮಾ ಹತ್ತಿಯನ್ನು ಟ್ರೇಗೆ ಎಸೆದು ಓಡಿಹೋಗಿ ಅವಳನ್ನು ತಬ್ಬಿ ಕೆಳಗಿಳಿಸಿದಳು. ಶಿಲ್ಪಾ ಸ್ಟೂಲು ತಂದಳು. ಮೂವರೂ ಆ ಖಾಲಿ ಬೆಡ್ಡಿನ ಹತ್ತಿರ ಕೂತರು. ಇನ್ನು ಮುಚ್ಚಿಡುವುದು ಸರಿಯಲ್ಲ ಎಂದು ಅವಳಿಗೆ ಅನ್ನಿಸಿತು.

"ಅಮ್ಮ, ನೀವು ಕೇಳಿದ ಆ ಶನಿವಾರ ನಮ್ಮ ಹತ್ರ ಇಲ್ಲ" ಎಂದಳು. "ಕಂಪ್ಯೂಟರ್ ಕೆಟ್ಟಾಗ ಆ ವಾರ ಪೂರ್ತಿ ಹೋಯ್ತು. ಎಷ್ಟು ಹುಡುಕಿದ್ರೂ ಸಿಗಲ್ಲ. ಗುರುವಾರವೇ ನನಗೆ ಗೊತ್ತಿತ್ತು. ಹೇಳೋಕೆ ಆಗ್ಲಿಲ್ಲ."

ಅಕ್ಕವ್ವ ಅವಳನ್ನೇ ನೋಡಿದಳು.

"ಹೋಗೇಬಿಡ್ತೇನು?"

"ಹೋಯ್ತಮ್ಮ."

ಸುಮಾ ಅಕ್ಕವ್ವನ ಬೆನ್ನು ಸವರುತ್ತ ಕೇಳಿದಳು. "ಆ ತೂಕ ಯಾಕಮ್ಮ ಬೇಕಿತ್ತು?"

ಅಕ್ಕವ್ವ ಹೊದಿಕೆಯ ಅಂಚನ್ನು ಎಳೆದು ನೇರ ಮಾಡಿದಳು. ಆಮೇಲೆ ಹೇಳಿದಳು.

"ಸೋಮವಾರ ಮುಂಜಾನೆ. ನಾ ಕೆಲಸಕ್ಕ ಹೊಂಟಿದ್ನಿ. ಅವ್ರು ಎದ್ದು ಮಂಚದ ಮ್ಯಾಲ ಕುಂತಿದ್ರು. ಒಂದರ್ಧ ಲೋಟ ನೀರು ಕೊಡು ಅಂದ್ರು. ಬಾಯಿ ಭಾಳ ಒಣಗೈತಿ ಅಂದ್ರು. ನಾ ಕೊಡ್ಲಿಲ್ಲ. ಮೈಯಾಗ ನೀರು ತುಂಬತೈತಿ, ಡಾಕ್ಟರು ಬ್ಯಾಡಂದಾರ, ನಾಳೆ ಹೋಗೋದೈತಿ, ತಡಕೋರಿ ಅಂದ್ನಿ. ಅವ್ರು ಒಂದೂ ಮಾತಾಡಲಿಲ್ಲ. ನಾ ಚಪ್ಪಲಿ ಮೆಟ್ಟಿ ಬಾಗಲ ದಾಟೀನಿ, ಹಿಂದ ಸಪ್ಪಳಾತು. ತಿರುಗಿ ನೋಡಿದ್ರ ಬಿದ್ದಿದ್ರು. ಅಷ್ಟ."

ಅಲ್ಲಿ ಮಲಗಿದ್ದವರಿಗೆಲ್ಲ ಆ ಬಾಯಾರಿಕೆ ಗೊತ್ತಿತ್ತು.

"ಶನಿವಾರ ನೀರೆಲ್ಲಾ ತಗದು ಮೈ ಹಗುರಾಗಿತ್ತು ಅಂದ್ರ ಅರ್ಧ ಲೋಟ ಕೊಡಬಹುದಿತ್ತು" ಎಂದಳು ಅಕ್ಕವ್ವ. "ಇನ್ನೂ ನೀರಿತ್ತು ಅಂದ್ರ ನಾ ಮಾಡಿದ್ದ ಖರೆ. ಅದೊಂದು ತಿಳೀಬೇಕಿತ್ತವ್ವಾ ನನಗ."

"ನೀರು ಜಾಸ್ತಿನೇ ಉಳಿದಿತ್ತಮ್ಮ" ಎಂದಳು ಸುಮಾ, ಅವಸರವಾಗಿ. "ನಾನೇ ನೋಡ್ಕೊಂಡಿದ್ದು. ನೀವು ಕೊಡದೇ ಇದ್ದಿದ್ದೇ ಒಳ್ಳೇದಾಯ್ತು."

ಅಕ್ಕವ್ವ ಅವಳ ಗದ್ದ ಹಿಡಿದು ಮುಖ ಎತ್ತಿದಳು.

"ನಿಜವಾಗ್ಲೂ ನೆನಪೈತೇನವ್ವಾ?"

ಸುಮಾಳ ಕಣ್ಣು ತುಂಬಿತು. ಅಷ್ಟೊಂದು ಜನರಲ್ಲಿ ಒಬ್ಬರ ಆ ದಿನದ ತೂಕ ಯಾರಿಗೆ ನೆನಪಿರುತ್ತದೆ. ಅವಳು ತಲೆ ತಗ್ಗಿಸಿದಳು. ಅಕ್ಕವ್ವ ಗದ್ದ ಬಿಟ್ಟಳು. ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಆಗ ಪಕ್ಕದ ಬೆಡ್ಡಿನಿಂದ ದೊಡ್ಡಹನುಮಯ್ಯ ಕೆಮ್ಮಿದರು.

"ತೂಕಗೀಕ ನಂಗ್ ಗೊತ್ತಿಲ್ಲ ಕಣಮ್ಮ" ಎಂದರು. "ಆವತ್ತು ನಿಮ್ ಯಜಮಾನ್ರು ಜಾಸ್ತಿ ಮಾತಾಡ್ಲಿಲ್ಲ. ನಿದ್ದೆ ಮಾಡ್ಬಿಟ್ರು, ಗೊರಕೆ ಹೊಡ್ಕೊಂಡು. ಹೋಗೋವಾಗ ನನ್ ಚಪ್ಪಲಿ ಹಾಕ್ಕೊಂಡ್ ಹೊರಟೋದ್ರು. ಮೆಟ್ಲ ತಂಕ ಹೋಗಿ, ಏನೋ ದೊಡ್ಡದಾಯ್ತಲ್ಲ ಅಂತ ವಾಪಸ್ ಬಂದ್ರು. ನಾನು ಬೈದೆ. ಅವರು ನಕ್ಕಿದ್ದೇ ನಕ್ಕಿದ್ದು. ಇಷ್ಟೇ ನಂಗ್ ನೆಪ್ಪಿರೋದು."

ಅಕ್ಕವ್ವನ ಮುಖ ನಿಧಾನವಾಗಿ ಸಡಿಲವಾಯಿತು.

"ನಕ್ರೇನು?"

"ಹ್ಞೂಂ, ಕೆಮ್ಮು ಬರೋ ಹಂಗೆ."

"ಅವ್ರು ಹಂಗ" ಎಂದಳು. "ಮದುವಿ ಮನ್ಯಾಗೂ ಮಂದಿ ಚಪ್ಪಲಿ ಮೆಟ್ಟಿ ಬರ್ತಿದ್ರು." ಅವಳು ನಕ್ಕಳು, ನಗುತ್ತಲೇ ಅಳು ಬಂತು. ಸುಮಾ ಪಕ್ಕದಲ್ಲೇ ಕೂತಿದ್ದಳು.

ಅಳು ನಿಂತ ಮೇಲೆ ಶಿಲ್ಪಾ ದುಂಡೇಶನ ವಿಷಯ ಹೇಳಿದಳು. ಗದಗದ ಕಡೆಯ ಹುಡುಗ, ರಾತ್ರಿ ಕೆಂಗೇರಿಯಿಂದ ಬರುವಾಗ ಬಿದ್ದದ್ದು, ಈ ಬೆಡ್ಡಿಗಾಗಿ ಕಾಯುತ್ತಿರುವುದು. ಹೇಳುವಾಗ ಅವಳಿಗೆ ನಾಚಿಕೆಯಾಯಿತು. ಅಕ್ಕವ್ವ ಪೂರ್ತಿ ಕೇಳಿದಳು.

"ಮೊದಲ ಹೇಳಬಾರದೇನವ್ವಾ?" ಎಂದು ಗದರಿದಳು. "ಇರೋ ಹುಡುಗನ್ನ ನಿಲ್ಲಿಸಿ ನಾ ಇಲ್ಲಿ ಹಾಸಿಗಿ ಕಾಯ್ಕೋತ ಕುಂತೀನಿ. ಬಾ, ಬರಕೋ."

ಅವಳೇ ಮುಂದಾಗಿ ಎದ್ದು ಕಂಪ್ಯೂಟರಿನ ಕೋಣೆಗೆ ಬಂದಳು. ಶಿಲ್ಪಾ ಪುಟ ತೆಗೆದಳು. ಮೊದಲು ಅವತ್ತು ಬೆಳಿಗ್ಗೆ ಅಕ್ಕವ್ವ ಹತ್ತಿ ನಿಂತಾಗ ಬಂದು ಕೂತಿದ್ದ ತೂಕವನ್ನು ಅಳಿಸಿದಳು. ಕಳೆದುಹೋದ ಶನಿವಾರದ ತೂಕದ ಜಾಗದಲ್ಲಿ ಏನಾದರೂ ಅಂಕಿ ಕೊಡಿ ಎಂದು ಕಂಪ್ಯೂಟರು ಕೇಳಿತು. ಒಂದು ಅಂಕಿ ಹಾಕುವುದು ಎಷ್ಟು ಸುಲಭ! ಹಾಕಿ, ಓದಿ ಹೇಳಿದರೆ ಈ ಹೆಂಗಸಿಗೆ ಒಂದು ಉತ್ತರ ಸಿಗುತ್ತಿತ್ತು. ಶಿಲ್ಪಾಳ ಬೆರಳು ಕೀಲಿಗಳ ಮೇಲೆ ನಿಂತಿತು. ಅಕ್ಕವ್ವ ಹಿಂದೆಯೇ ನಿಂತಿದ್ದಳು, ಉಸಿರು ಕೇಳುತ್ತಿತ್ತು. ತಿಳಿದಿಲ್ಲ ಎಂದು ಬರೆದು ಮುಂದೆ ಹೋದಳು.

"ಏನಂತ ಬರದಿ?"

"ತಿಳಿದಿಲ್ಲ ಅಂತ."

"ಹ್ಞಾಂ" ಎಂದಳು ಅಕ್ಕವ್ವ.

ಆಮೇಲೆ ಮರಣದ ಗುಂಡಿ. ಅಕ್ಕವ್ವ ದಿನ ಹೇಳಿದಳು, ಹೊತ್ತು ಹೇಳಿದಳು. ತಿಳಿಸಿದವರು ಯಾರು ಎಂಬಲ್ಲಿ ಶಿಲ್ಪಾ ಅಕ್ಕವ್ವ, ಹೆಂಡತಿ ಎಂದು ಬರೆದಳು. ಒತ್ತುವ ಮುಂಚೆ ತಿರುಗಿ ನೋಡಿದಳು. ಅಕ್ಕವ್ವ ಸ್ಕ್ರೀನಿನ ಮೇಲಿದ್ದ ಫೋಟೋದ ಮೇಲೆ ಬೆರಳಿಟ್ಟಿದ್ದಳು. ಬೆರಳು ತೆಗೆದಳು. ಶಿಲ್ಪಾ ಒತ್ತಿದಳು. ಹೊರಗೆ ಕಿಟಕಿ ಪಕ್ಕದ ಮೆಷಿನ್ನಿನ ಬೆಳಕು ಆರಿತು.

ಅಕ್ಕವ್ವ ಬ್ಯಾಗು ಎತ್ತಿಕೊಳ್ಳುತ್ತಿದ್ದಳು. ಬ್ಯಾಗಿನೊಳಗೆ ಫೋನು ಕಿಣಿ ಎಂದಿತು. ಇಬ್ಬರೂ ಬೆಚ್ಚಿದರು. ಆ ಗುಂಡಿ ಒತ್ತಿದೊಡನೆ ತಾನಾಗಿ ಹೋಗುವ ಮೆಸೇಜನ್ನು ನಿಲ್ಲಿಸಲು ಶಿಲ್ಪಾ ಮರೆತಿದ್ದಳು.

"ಮತ್ತ ಕರದಾರೇನು? ಓದವ್ವಾ."

ಶಿಲ್ಪಾ ಫೋನು ಈಸಿಕೊಂಡು ಓದಿದಳು. "ಕೊಟ್ರಪ್ಪನವರ ಕುಟುಂಬದವರಿಗೆ, ನಿಮ್ಮ ದುಃಖದಲ್ಲಿ ನಾವೂ ಭಾಗಿಗಳು. ತಿಳಿಧಾರೆ ಬಳಗ."

"ಇದು ಮೊದಲೂ ಬಂದಿತ್ತು" ಎಂದಳು ಅಕ್ಕವ್ವ. "ಹೆಣದ ಮುಂದ ಕುಂತಿದ್ನಿ, ಯಾರೋ ಓದಿದ್ರು. ಅವತ್ತ ಕಿವಿಗೆ ಬೀಳಲಿಲ್ಲ."

ಶಿಲ್ಪಾ ಅವಳನ್ನು ಸ್ಕೂಟರಿನಲ್ಲಿ ಮೂಡಲಪಾಳ್ಯಕ್ಕೆ ಬಿಟ್ಟುಬರಲು ಹೊರಟಳು. ಹಿಂದೆ ಕೂತ ಅಕ್ಕವ್ವ ಬ್ಯಾಗನ್ನು ಇಬ್ಬರ ನಡುವೆ ಒತ್ತಿಟ್ಟುಕೊಂಡಿದ್ದಳು. ಹೊದಿಕೆಯ ಮೆತ್ತನೆ ಶಿಲ್ಪಾಳ ಬೆನ್ನಿಗೆ ತಗುಲುತ್ತಿತ್ತು. ಸಿಗ್ನಲಿನಲ್ಲಿ ನಿಂತಾಗ ಅಕ್ಕವ್ವ ಅವಳ ಹೆಲ್ಮೆಟ್ಟಿನ ಹತ್ತಿರ ಬಾಯಿ ತಂದಳು.

"ಆ ಹುಡುಗಗ ಚಳಿ ಆದ್ರ ಈ ಹೊದಿಕಿ ಕೊಡಲೇನು? ಹೊಲಸಾಗಿಲ್ಲ, ಒಗದೀನಿ."

"ಕೇಳ್ತೀನಿ ಅಮ್ಮ. ಬೇಡ ಅನ್ನಲ್ಲ."

ಸ್ಕೂಟರ್ ಚಂದ್ರಾ ಲೇಔಟ್ ದಾಟಿತು. ಖಾನಾವಳಿಯ ಮುಂದೆ ಇಳಿದಾಗ ಒಳಗೆ ರೊಟ್ಟಿ ತಟ್ಟುವ ಸದ್ದು ಶುರುವಾಗಿತ್ತು. ಅಕ್ಕವ್ವ ಒಳಗೆ ಹೋಗದೆ ನಿಂತಳು.

"ಊರಿಂದ ಬಂದಾಗಿಂದ ರಾತ್ರಿ ಮಂಚದ ಮಗ್ಗಲ ಒಂದು ತಂಬಿಗಿ ನೀರಿಡ್ತೀನಿ" ಎಂದಳು. "ಅರ್ಧ ಲೋಟ ಅಲ್ಲ, ತುಂಬ. ಮುಂಜಾನೆ ಎದ್ದು ನೋಡಿದ್ರ ಇಟ್ಟಷ್ಟ ಇರ್ತೈತಿ. ಒಂದು ಹನಿ ಕಡಿಮಿ ಆಗಿರಂಗಿಲ್ಲ."

ಶಿಲ್ಪಾ ಸ್ಕೂಟರ್ ಆಫ್ ಮಾಡಿದಳು.

"ಸಿಟ್ಟಿಲ್ಲ ಬಿಡು. ಸಿಟ್ಟು ಇಟಗೊಳ್ಳೋ ಮನಿಷ್ಯಾ ಅಲ್ಲ ಅವ್ರು. ನಾ ಬ್ಯಾಡ ಅಂದೀನಲ್ಲ, ಅದಕ್ಕ ಕುಡಿಯಂಗಿಲ್ಲ."

ಒಳಗಿನಿಂದ ಯಾರೋ ಅವಳ ಹೆಸರು ಕೂಗಿದರು. ಬಂದೆ ಎಂದು ದನಿಗೊಟ್ಟು ಅಕ್ಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ಒಳಗೆ ಹೋದಳು.